ಫೋನಿನ ಆಚೆ ಕಡೆ ಯಾರಿದ್ದಾರೆ?

ಮಾತಾಡುವ ಇಬ್ಬರೂ ಬೆಳಗಾವಿ ಜಿಲ್ಲೆಯ ಕೊಣ್ಣೂರಿನವರು. ಒಬ್ಬರು ಗಣಿತ ಕಲಿಸಿ ನಿವೃತ್ತರಾದ ಮಾಸ್ತರರು, ಇನ್ನೊಬ್ಬರು ಸಾರ್ವಜನಿಕ ಆರೋಗ್ಯ ಓದಿಕೊಂಡ ತರುಣಿ. ಮೊಬೈಲು ಬಂದ ಮೇಲೆ ದವಾಖಾನೆ ಬದಲಾಯಿತೇ, ರೋಗಿಯ ಪಾಡು ಬದಲಾಯಿತೇ ಎಂಬುದು ಅವರ ಚರ್ಚೆ. ಹೆಸರು ಬೇಕಿಲ್ಲ, ವಾದ ಸಾಕು.

ಹಿರಿಯರು: ನೋಡು ತಂಗಿ, ನಮ್ಮ ಸೀಮೆಯಲ್ಲಿ ರೋಗ ಎಷ್ಟು ಕಾಡಿದೆಯೋ ದಾರಿಯೂ ಅಷ್ಟೇ ಕಾಡಿದೆ. ದವಾಖಾನೆ ಎಂಬುದು ನಮಗೆ ಹೊಸದೇನಲ್ಲ. ಡಾ. ನಾ. ಸು. ಹರ್ಡೀಕರರಂಥವರು ದಶಕಗಳ ಹಿಂದೆಯೇ ಇಲ್ಲೇ ಪಕ್ಕದ ಘಟಪ್ರಭಾದಲ್ಲಿ ಕರ್ನಾಟಕ ಹೆಲ್ತ್ ಇನ್‌ಸ್ಟಿಟ್ಯೂಟ್ ಕಟ್ಟಿದರು. ಗೋಕಾಕದಲ್ಲಿ ಸರಕಾರಿ ದವಾಖಾನೆ ಇದೆ, ಖಾಸಗಿಯವರು ಬೇಕಾದಷ್ಟು ಜನ ಇದ್ದಾರೆ. ಆದರೂ ಎದೆ ಹಿಡಿಯಿತು, ತಲೆಗೆ ಪೆಟ್ಟಾಯಿತು, ಹೆರಿಗೆ ಬಿಗಡಾಯಿಸಿತು ಎಂದರೆ ಬೆಳಗಾವಿಯ ಬಿಮ್ಸ್‌ಗೋ ಕೆ.ಎಲ್.ಇ. ದವಾಖಾನೆಗೋ ಓಡಲೇಬೇಕು. ಹೋಗುವವನು ಒಬ್ಬನೇ ಹೋಗಲಾರ, ಜೊತೆಗೆ ಮನೆಯ ಇನ್ನೊಬ್ಬರ ಕೂಲಿಯೂ ಹೋಯಿತು. ಮಳೆಗಾಲದ ಮಾತಂತೂ ಬೇಡ. 2019ರ ಆಗಸ್ಟಿನ ನೆರೆಯಲ್ಲಿ ಲೋಳಸೂರ ಸೇತುವೆಯೇ ಮುಳುಗಿತ್ತು. ಇಂಥ ಕಡೆ ಡಾಕ್ಟರರೇ ಕಿಸೆಯೊಳಗೆ ಬಂದು ಕೂತರೆ ಅದಕ್ಕಿಂತ ದೊಡ್ಡ ಉಪಕಾರ ಯಾವುದು? ಸರಕಾರದ ಇ-ಸಂಜೀವಿನಿ ದೂರವೈದ್ಯ ಸೇವೆಯನ್ನೇ ತಗೋ. 2019ರ ನವೆಂಬರಿನಲ್ಲಿ ಶುರುವಾಯಿತು. ಮರುವರ್ಷ ಏಪ್ರಿಲ್‌ನಲ್ಲಿ, ಲಾಕ್‌ಡೌನ್ ನಡುವೆ, ಮನೆಯಿಂದಲೇ ಡಾಕ್ಟರರೊಂದಿಗೆ ಮಾತಾಡುವ ಹೊರರೋಗಿ ಸೇವೆಯನ್ನೂ ಸೇರಿಸಿದರು. 2023ರ ಫೆಬ್ರವರಿಯ ಹೊತ್ತಿಗೆ ದೇಶದಲ್ಲಿ 10 ಕೋಟಿ ಸಮಾಲೋಚನೆ ದಾಟಿತು. ಅಷ್ಟು ಜನ ಬಸ್ಸು ಹತ್ತುವುದು ತಪ್ಪಿತಲ್ಲ!

ಕಿರಿಯರು: ಆ 10 ಕೋಟಿಯನ್ನು ನಾನು ಅಲ್ಲಗಳೆಯುವುದಿಲ್ಲ ಸರ್. ಅದನ್ನು ಬಿಡಿಸಿ ನೋಡೋಣ ಎನ್ನುತ್ತೇನೆ. ಅದರಲ್ಲಿ ಬಹುಪಾಲು ಸಮಾಲೋಚನೆ ನಡೆದದ್ದು ಮನೆಯಲ್ಲಿ ಕೂತು ರೋಗಿ ತಾನೇ ಫೋನು ಹಚ್ಚಿದ್ದರಿಂದಲ್ಲ. ಊರಿನ ಆರೋಗ್ಯ ಕೇಂದ್ರದಲ್ಲಿ, ಸಮುದಾಯ ಆರೋಗ್ಯ ಅಧಿಕಾರಿಯ ಎದುರಿಗೆ ಕೂತು, ಅವರ ಕೈಯಿಂದ ಬಿ.ಪಿ. ನೋಡಿಸಿಕೊಂಡು, ಅವರ ಮೂಲಕ ದೂರದ ಡಾಕ್ಟರರೊಂದಿಗೆ ಮಾತಾಡಿದ್ದು. ಅಂದರೆ ಈ ಕಡೆ ಒಬ್ಬ ತರಬೇತಿ ಪಡೆದ ಮನುಷ್ಯ, ಆ ಕಡೆ ಒಬ್ಬ ಡಾಕ್ಟರ್, ನಡುವೆ ಫೋನು. ನಾವು ಹೊಗಳುವಾಗ ಎರಡೂ ತುದಿ ಬಿಟ್ಟು ನಡುವಿನದನ್ನು ಮಾತ್ರ ಹೊಗಳುತ್ತೇವೆ. ಇನ್ನೊಂದು ಮಾತು: ಸಮಾಲೋಚನೆ ಎಷ್ಟಾಯಿತು ಎಂಬುದು ಕೆಲಸದ ಲೆಕ್ಕ, ಗುಣವಾದವರು ಎಷ್ಟು ಎಂಬುದು ಫಲದ ಲೆಕ್ಕ. ನೀವು ಹೇಳಿದ್ದು ಮೊದಲನೆಯದು. ಫಲದ ಲೆಕ್ಕ ಬೇಕೆಂದರೆ ದಿಲ್ಲಿಯ ತನಕ ಹೋಗಬೇಕಿಲ್ಲ, ನಮ್ಮ ಬೆಳಗಾವಿ ಜಿಲ್ಲೆಯಲ್ಲೇ ಅದನ್ನು ಕಟ್ಟುನಿಟ್ಟಾಗಿ ಪರೀಕ್ಷಿಸಿ ನೋಡಿದ್ದಾರೆ.

ಹಿರಿಯರು: ಇಲ್ಲಿಯೇ? ಯಾರು, ಯಾವಾಗ?

ಕಿರಿಯರು: ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನವರು, ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಸಂಶೋಧಕರ ಜೊತೆ ಸೇರಿ, 2014ರಿಂದ 2016ರ ಅವಧಿಯಲ್ಲಿ. ಅದಕ್ಕೆ ಕ್ಲಿಪ್ ಎಂದು ಹೆಸರು. ಬಸುರಿಯರಿಗೆ ಬಿ.ಪಿ. ಏರಿ, ತಲೆಸಿಡಿತ ಬಂದು, ಕಣ್ಣು ಮಂಜಾಗಿ, ಕಡೆಗೆ ಫಿಟ್ಸ್ ಬಂದು ಪ್ರಾಣಕ್ಕೇ ಎರವಾಗುತ್ತದಲ್ಲ, ಆ ಪ್ರಿ-ಎಕ್ಲಾಂಪ್ಸಿಯಾವನ್ನು ಮೊದಲೇ ಪತ್ತೆ ಹಚ್ಚುವುದು ಉದ್ದೇಶ. ಬೆಳಗಾವಿ, ಬಾಗಲಕೋಟೆ ಎರಡು ಜಿಲ್ಲೆಗಳ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವ್ಯಾಪ್ತಿಯನ್ನು 12 ಗುಂಪು ಮಾಡಿ, ಅರ್ಧದಲ್ಲಿ ಎಂದಿನ ಆರೈಕೆ, ಇನ್ನರ್ಧದಲ್ಲಿ ಆಶಾ ಕಾರ್ಯಕರ್ತೆಯರು ಮತ್ತು ನರ್ಸ್‌ಗಳ ಕೈಗೆ ಒಂದು ಆ್ಯಪ್. ಅವರು ಬಸುರಿಯ ಮನೆಗೆ ಹೋಗಿ ಬಿ.ಪಿ. ನೋಡಬೇಕು, ಮೂತ್ರದಲ್ಲಿ ಪ್ರೋಟೀನ್ ಪರೀಕ್ಷಿಸಬೇಕು, ಬೆರಳಿಗೆ ಆಮ್ಲಜನಕದ ಕ್ಲಿಪ್ಪು ಹಾಕಬೇಕು, ಲಕ್ಷಣ ಕೇಳಿ ಫೋನಿಗೆ ಹಾಕಬೇಕು. ಅಪಾಯ ಎಷ್ಟೆಂದು ಫೋನು ಲೆಕ್ಕ ಹಾಕಿ ಹೇಳುತ್ತದೆ: ಬಿ.ಪಿ. ಗುಳಿಗೆ ಕೊಡು, ಮೆಗ್ನೀಸಿಯಂ ಸಲ್ಫೇಟ್ ಸೂಜಿ ಹಾಕು, ಕೂಡಲೇ ದೊಡ್ಡ ದವಾಖಾನೆಗೆ ಕಳಿಸು. 14 ಸಾವಿರಕ್ಕೂ ಹೆಚ್ಚು ಬಸುರಿಯರು ಈ ಅಧ್ಯಯನದಲ್ಲಿದ್ದರು. ಪಾಕಿಸ್ತಾನ ಮತ್ತು ಮೊಜಾಂಬಿಕ್‌ನಲ್ಲೂ ಇಂಥದೇ ಪ್ರಯೋಗ ನಡೆಯಿತು. ಮೂರನ್ನೂ ಕೂಡಿಸಿದ ಫಲಿತಾಂಶ 2020ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಆ್ಯಪ್ ಇದ್ದ ಕಡೆಯೂ ಇಲ್ಲದ ಕಡೆಯೂ ತಾಯಿ-ಮಕ್ಕಳ ಸಾವು ಮತ್ತು ತೀವ್ರ ತೊಂದರೆಗಳಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ನಮ್ಮ ಜಿಲ್ಲೆಗಳ ಫಲಿತಾಂಶವೂ ಅದೇ.

ಹಿರಿಯರು: ಹಾಗಾದರೆ ಅಷ್ಟು ದುಡಿದದ್ದು ವ್ಯರ್ಥವೇ? ಏನೂ ಸಿಗಲಿಲ್ಲವೇ?

ಕಿರಿಯರು: ಒಂದು ಸುಳಿವು ಸಿಕ್ಕಿತು. ಆ್ಯಪ್ ಇದ್ದ ಪ್ರದೇಶದಲ್ಲೇ, ಯಾವ ಬಸುರಿಯರ ಬಳಿಗೆ ಕಾರ್ಯಕರ್ತೆಯರು ಎಂಟು ಸಲವೋ ಅದಕ್ಕಿಂತ ಹೆಚ್ಚೋ ಹೋಗಿದ್ದರೋ, ಅವರ ಫಲಿತಾಂಶ ಒಮ್ಮೆಯೂ ಭೇಟಿ ಸಿಗದವರಿಗಿಂತ ಚೆನ್ನಾಗಿತ್ತು. ಬಸಿರಿನಲ್ಲಿ ಕನಿಷ್ಠ ಎಂಟು ಸಲ ತಪಾಸಣೆ ಆಗಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯೂ 2016ರಿಂದ ಹೇಳುತ್ತಿದೆ.

ಹಿರಿಯರು: ತಡಿ. ಗಣಿತ ಕಲಿಸಿದವನಿಗೆ ಇಲ್ಲಿ ಸಂಶಯ ಬರುತ್ತದೆ. ಎಂಟು ಭೇಟಿ ಆಗಬೇಕಾದರೆ ಬಸಿರು ಅಷ್ಟು ದಿನ ನಿಲ್ಲಬೇಕು. ಏಳನೇ ತಿಂಗಳಲ್ಲೇ ಹೆರಿಗೆಯಾಗಿ ಕೂಸು ಕಳಕೊಂಡವಳ ಲೆಕ್ಕದಲ್ಲಿ ಎಂಟು ಭೇಟಿ ಎಲ್ಲಿಂದ ಬರಬೇಕು? ದಿನ ತುಂಬಿದವಳಿಗೆ ಭೇಟಿಯೂ ಹೆಚ್ಚಾಗುತ್ತದೆ, ಕೂಸೂ ಉಳಿಯುತ್ತದೆ. ಭೇಟಿಯಿಂದ ಕೂಸು ಉಳಿಯಿತೋ, ಬಸಿರು ಉಳಿದದ್ದರಿಂದ ಭೇಟಿ ಹೆಚ್ಚಾಯಿತೋ ಎಂದು ಈ ಅಂಕಿ ಹೇಳುವುದಿಲ್ಲ. ಅಲ್ಲದೆ ಆಶಾಳನ್ನು ಎಂಟು ಸಲ ಬಾಗಿಲೊಳಗೆ ಕರೆದುಕೊಳ್ಳುವ ಮನೆಯೇ ಬೇರೆ ಇರುತ್ತದೆ. ಅಲ್ಲಿ ಊಟವೂ ಸರಿ ಇದ್ದೀತು, ಅತ್ತೆಯೂ ಮಾತು ಕೇಳುವವಳಿದ್ದಾಳು.

ಕಿರಿಯರು: ನೀವು ಹೇಳಿದ್ದು ನೂರಕ್ಕೆ ನೂರು ಸರಿ. ಅದಕ್ಕೇ ನಾನು ಆ ಸುಳಿವಿನ ಮೇಲೆ ಮನೆ ಕಟ್ಟುವುದಿಲ್ಲ. ಚೀಟಿ ಎತ್ತಿದ ಹಾಗೆ ಗುಂಪು ಮಾಡಿ ನೋಡಿದ ಮುಖ್ಯ ಫಲಿತಾಂಶದ ಮೇಲೆ ನಿಲ್ಲುತ್ತೇನೆ. ಅದು ಏಕೆ ಹಾಗಾಯಿತು ಎಂದು ತಿಳಿಯಲು ಇದೇ ಜಿಲ್ಲೆಯ ಇನ್ನೊಂದು, ಅದಕ್ಕಿಂತ ಹಳೆಯ ಪ್ರಯೋಗವನ್ನು ಪಕ್ಕಕ್ಕಿಟ್ಟು ನೋಡಬೇಕು. 2002ರಿಂದ 2005ರ ವರೆಗೆ ಬೆಳಗಾವಿ ಜಿಲ್ಲೆಯ ನಾಲ್ಕು ಪ್ರಾಥಮಿಕ ಆರೋಗ್ಯ ಕೇಂದ್ರಗಳ ವ್ಯಾಪ್ತಿಯಲ್ಲಿ ಅದು ನಡೆಯಿತು. ಹೆರಿಗೆ ಮನೆಯಲ್ಲೋ ಉಪಕೇಂದ್ರದಲ್ಲೋ ಆಗುತ್ತಿದ್ದ ಕಾಲ. 1,620 ಬಾಣಂತಿಯರ ಪೈಕಿ ಅರ್ಧದಷ್ಟು ಜನರಿಗೆ ಹೆರಿಗೆಯಾದ ಕೂಡಲೇ ನರ್ಸಬಾಯಿ ಮಿಸೊಪ್ರೊಸ್ಟಾಲ್ ಗುಳಿಗೆ ನುಂಗಿಸಿದರು, ಉಳಿದವರಿಗೆ ಔಷಧವಿಲ್ಲದ ಗುಳಿಗೆ. ಅತಿ ರಕ್ತಸ್ರಾವ ನೂರಕ್ಕೆ 12ರಿಂದ 6.4ಕ್ಕೆ ಇಳಿಯಿತು. ಇದೂ 2006ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂತು. ಅದೇ ಜಿಲ್ಲೆ, ಅದೇ ದರ್ಜೆಯ ನರ್ಸಬಾಯಿ, ಅಂಥವೇ ಹಳ್ಳಿಗಳು. ಫೋನಿನ ಸುದ್ದಿಯೇ ಇಲ್ಲದೆ ಅಪಾಯ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು.

ಹಿರಿಯರು: ಆದರೆ ಗುಳಿಗೆಗೂ ಫೋನಿಗೂ ಪಂದ್ಯ ಕಟ್ಟುವುದು ನ್ಯಾಯವಲ್ಲ. ಗುಳಿಗೆ ಔಷಧ, ಫೋನು ಬರೀ ಸುದ್ದಿ. ಅಲ್ಲದೆ ನೀನೇ ಈಗ ಹೇಳಿದೆ, ಕ್ಲಿಪ್‌ನಲ್ಲೂ ಗುಳಿಗೆ, ಸೂಜಿ ಕೊಟ್ಟಿದ್ದರು ಎಂದು.

ಕಿರಿಯರು: ಕೊಟ್ಟಿದ್ದರು. ವ್ಯತ್ಯಾಸ ಇರುವುದು ಅದರ ಮುಂದೆ. ಹೆರಿಗೆಯ ನಂತರದ ರಕ್ತಸ್ರಾವ ತಡೆಯಲು ಬೇಕಾದದ್ದು ಆ ಗುಳಿಗೆಯಲ್ಲೇ ಇತ್ತು. ನರ್ಸಬಾಯಿ ಕೊಟ್ಟಳು, ಕೆಲಸ ಅಲ್ಲೇ ಮುಗಿಯಿತು. ಪ್ರಿ-ಎಕ್ಲಾಂಪ್ಸಿಯಾ ಹಾಗಲ್ಲ. ಬಿ.ಪಿ. ಗುಳಿಗೆ, ಫಿಟ್ಸ್ ತಡೆಯುವ ಸೂಜಿ ಎರಡೂ ಹೊತ್ತು ಕಾಯಲಿಕ್ಕೆ ಮಾತ್ರ. ಆ ರೋಗಕ್ಕೆ ಇರುವ ಮದ್ದು ಹೆರಿಗೆ ಮಾಡಿಸುವುದು, ಕೆಲವೊಮ್ಮೆ ದಿನ ತುಂಬುವ ಮೊದಲೇ. ಅದಕ್ಕೆ ಅರಿವಳಿಕೆ ಡಾಕ್ಟರ್ ಬೇಕು, ರಕ್ತ ಬೇಕು, ಒಂದೂವರೆ ಕಿಲೋ ತೂಕದ ಕೂಸನ್ನು ಉಳಿಸುವ ವಾರ್ಡು ಬೇಕು. ಫೋನು ಬಸುರಿಯನ್ನು ಆ ಬಾಗಿಲ ತನಕ ತಲುಪಿಸೀತು, ಬಾಗಿಲಾಚೆ ಏನಿದೆಯೋ ಅದನ್ನು ಬದಲಾಯಿಸಲಾರದು. ಕ್ಲಿಪ್ ಪ್ರಯೋಗ ಊರ ಮಟ್ಟದ್ದು, ದವಾಖಾನೆಗಳನ್ನು ಬಲಪಡಿಸುವುದು ಅದರ ಮುಖ್ಯ ಭಾಗವಾಗಿರಲಿಲ್ಲ. ನನ್ನ ವಾದ ಇಷ್ಟೇ ಸರ್: ಫೋನು ತೀರ್ಮಾನವನ್ನು ರೋಗಿಯ ಹತ್ತಿರ ತರುತ್ತದೆ. ಅದರ ಹಿಂದೆಯೇ ಚಿಕಿತ್ಸೆಯೂ ಹತ್ತಿರ ಬಂದರೆ ಜೀವ ಉಳಿಯುತ್ತದೆ, ಬಾರದಿದ್ದರೆ ನಾವು ಸಾವಿನ ಸುದ್ದಿಯನ್ನು ಸ್ವಲ್ಪ ಮುಂಚಿತವಾಗಿ ತಿಳಿಯುತ್ತೇವೆ.

ಹಿರಿಯರು: ಕಠಿಣ ಮಾತಾಯಿತು. ಎದೆನೋವಿನ ವಿಷಯಕ್ಕೆ ಬಾ. ಅಲ್ಲಿ ಫೋನು ಗೆದ್ದಿದೆ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಅವರು ಹಳ್ಳಿಯ ಡಾಕ್ಟರರಿಗೆ ಇ.ಸಿ.ಜಿ. ಯಂತ್ರ ಕೊಡಿಸಿ, ವಾಟ್ಸ್‌ಆ್ಯಪ್ ಗುಂಪು ಮಾಡಿದರು. ಹಳ್ಳಿಯಲ್ಲಿ ತೆಗೆದ ಇ.ಸಿ.ಜಿ.ಯ ಫೋಟೋ ಗುಂಪಿಗೆ ಬರುತ್ತದೆ, ತಜ್ಞರು ನೋಡಿ ಅಲ್ಲೇ ಉತ್ತರ ಬರೆಯುತ್ತಾರೆ. ಇದಕ್ಕೆ ದೊಡ್ಡ ಸಾಫ್ಟ್‌ವೇರೂ ಬೇಕಾಗಲಿಲ್ಲ.

ಕಿರಿಯರು: ಗೆದ್ದಿದೆ. ಏಕೆ ಗೆದ್ದಿತು ನೋಡಿ. ಆ ಕಡೆ ಹೆಸರಿರುವ, ಮುಖ ಗೊತ್ತಿರುವ, ಉತ್ತರ ಕೊಡಲು ಒಪ್ಪಿಕೊಂಡ ತಜ್ಞರಿದ್ದರು. ಈ ಕಡೆ ಯಂತ್ರವಿತ್ತು, ಅದನ್ನು ಹಚ್ಚಲು ಬರುವ ಡಾಕ್ಟರ್ ಇದ್ದರು. ರಾಜ್ಯ ಸರಕಾರ 2023ರಲ್ಲಿ ತಂದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ತಾಲೂಕು ದವಾಖಾನೆಯಲ್ಲಿ ಇ.ಸಿ.ಜಿ. ತೆಗೆದು ಕಳಿಸಿದರೆ ಕೃತಕ ಬುದ್ಧಿಮತ್ತೆ ಮೊದಲು ಓದುತ್ತದೆ, ಜಯದೇವ ಹೃದ್ರೋಗ ಸಂಸ್ಥೆಯಂಥ ಕೇಂದ್ರದ ತಜ್ಞರು ಖಚಿತಪಡಿಸುತ್ತಾರೆ, ಕೆಲವೇ ನಿಮಿಷದಲ್ಲಿ ಉತ್ತರ ಬರುತ್ತದೆ. ಇಷ್ಟಕ್ಕೇ ನಿಂತಿದ್ದರೆ ಅದೂ ಇನ್ನೊಂದು ಕ್ಲಿಪ್ ಆಗುತ್ತಿತ್ತು. ನಿಲ್ಲಲಿಲ್ಲ. ಹೆಪ್ಪುಗಟ್ಟಿದ ರಕ್ತ ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನೂ ಅದೇ ತಾಲೂಕು ದವಾಖಾನೆಯಲ್ಲಿಟ್ಟು ಉಚಿತವಾಗಿ ಕೊಡುತ್ತಾರೆ. ಹೊರಗೆ ಕೊಂಡರೆ ಹತ್ತಾರು ಸಾವಿರ ರೂಪಾಯಿಯ ಔಷಧ ಅದು. ಮೊದಲು ಚುಚ್ಚುಮದ್ದು, ಆಮೇಲೆ ದೊಡ್ಡ ಕೇಂದ್ರಕ್ಕೆ ಪ್ರಯಾಣ. ಎದೆ ಹಿಡಿದ ಮನುಷ್ಯನಿಗೆ ಮೊದಲ ಕೆಲವು ತಾಸು ಎಷ್ಟು ಅಮೂಲ್ಯ ಎಂದು ನಿಮಗೆ ಹೇಳಬೇಕಿಲ್ಲ. ಸುದ್ದಿ ಮತ್ತು ಔಷಧ ಒಂದೇ ಕೋಣೆಯಲ್ಲಿ ಸೇರಿದವು. ಮೊಬೈಲ್ ಆರೋಗ್ಯದ ಯಾವ ಯೋಜನೆ ಬಂದರೂ ನಾನು ಮೊದಲು ಕೇಳುವುದು ಇದನ್ನೇ: ಸಂದೇಶ ಹೋಯಿತು ಸರಿ, ಅದರ ಜೊತೆ ಏನನ್ನು ಇಲ್ಲಿಗೆ ತಂದಿಟ್ಟಿರಿ?

ಹಿರಿಯರು: ಒಪ್ಪಿದೆ. ಆದರೆ ನೀನು ಒಂದು ಮರೆಯುತ್ತಿ. ಯಾವ ಔಷಧ ಎಲ್ಲಿಡಬೇಕು ಎಂದು ಸರಕಾರಕ್ಕೆ ತಿಳಿಯಬೇಕಾದರೂ ಅಂಕಿ-ಸಂಖ್ಯೆ ಬೇಕಲ್ಲ? ಯಾವ ಊರಲ್ಲಿ ಎಷ್ಟು ಬಸುರಿಯರು, ಎಷ್ಟು ಮಂದಿಗೆ ರಕ್ತಹೀನತೆ, ಯಾವ ಕೂಸಿಗೆ ಲಸಿಕೆ ಬಾಕಿ. ಹಿಂದೆ ದಪ್ಪ ರಿಜಿಸ್ಟರಿನಲ್ಲಿ ಬರೆದು, ಅದು ಗೋಕಾಕಕ್ಕೆ, ಅಲ್ಲಿಂದ ಬೆಳಗಾವಿಗೆ ಹೋಗುವಷ್ಟರಲ್ಲಿ ಕೂಸು ಶಾಲೆಗೆ ಹೋಗುತ್ತಿತ್ತು. ಈಗ ಆಶಾ ಒತ್ತಿದ ಬಟನ್ ಅವತ್ತೇ ಬೆಂಗಳೂರಿಗೆ ತಲುಪುತ್ತದೆ. ಇದು ಸುಧಾರಣೆಯಲ್ಲವೇ?

ಕಿರಿಯರು: ಸುಧಾರಣೆಯೇ, ಆದರೆ ಯಾರಿಗೆ ಎಂದು ಕೇಳಿ. ನಮ್ಮ ಆಶಾಳ ಕೈಯಲ್ಲಿರುವ ಫೋನು ದಿನವಿಡೀ ಮೇಲಿನವರ ಪ್ರಶ್ನೆಗೆ ಉತ್ತರ ಕೊಡುತ್ತದೆ. ಅವಳ ಪ್ರಶ್ನೆಗೆ ಉತ್ತರ ಕೊಡುವುದು ಅಪರೂಪ. ಸಾವಿರ ಜನಸಂಖ್ಯೆಗೆ ಒಬ್ಬಳು ಆಶಾ, ಅವಳಿಗೆ ಪಗಾರವಿಲ್ಲ, ಇರುವುದು ಗೌರವಧನ ಮತ್ತು ಮಾಡಿದ ಕೆಲಸಕ್ಕಿಷ್ಟು ಎಂಬ ಪ್ರೋತ್ಸಾಹಧನ. ಆ ಪ್ರೋತ್ಸಾಹಧನವನ್ನು ತಾಯಿ-ಮಕ್ಕಳ ಆರೋಗ್ಯದ ಆರ್.ಸಿ.ಎಚ್. ಪೋರ್ಟಲ್ಲಿಗೆ ಜೋಡಿಸಿದರು. ಬಸುರಿಯನ್ನು ದವಾಖಾನೆಗೆ ಕರಕೊಂಡು ಹೋಗಿ ರಾತ್ರಿಯಿಡೀ ಕೂತರೂ ಪೋರ್ಟಲ್ಲಿನಲ್ಲಿ ದಾಖಲಾಗದಿದ್ದರೆ ಆ ಹಣ ಇಲ್ಲ. ತಾಯಿ ಕಾರ್ಡಿನಲ್ಲೂ ಬರೆಯಬೇಕು, ರಿಜಿಸ್ಟರಿನಲ್ಲೂ ಬರೆಯಬೇಕು, ಫೋನಿನಲ್ಲೂ ಒತ್ತಬೇಕು. 2025ರ ಜನವರಿಯಲ್ಲಿ ರಾಜ್ಯದ ಆಶಾ ಕಾರ್ಯಕರ್ತೆಯರು ಚಳಿಯಲ್ಲಿ ಬೆಂಗಳೂರಿನ ಸ್ವಾತಂತ್ರ್ಯ ಉದ್ಯಾನದಲ್ಲಿ ದಿನಗಟ್ಟಲೆ ಕೂತರಲ್ಲ, ಅವರ ಅಹವಾಲಿನಲ್ಲಿ ಗೌರವಧನದ ಜೊತೆಗೆ ಈ ಪೋರ್ಟಲ್ಲಿನ ಗಂಟೂ ಇತ್ತು. ತಿಂಗಳಿಗೆ 10 ಸಾವಿರ ರೂಪಾಯಿ ಖಾತ್ರಿ ಎಂಬ ಭರವಸೆ ಸಿಕ್ಕ ಮೇಲೆ ಎದ್ದರು. ಅಂಕಿ ಬೇಡ ಎಂದು ನಾನು ಹೇಳುವುದಿಲ್ಲ. ಆರೈಕೆ ಮಾಡುವಾಗ ಅಂಕಿ ತಾನಾಗಿ ಹುಟ್ಟಬೇಕು, ಅಂಕಿಗೋಸ್ಕರ ಆರೈಕೆಯ ಹೊತ್ತು ಹೋಗಬಾರದು. ಇ.ಸಿ.ಜಿ. ಕಳಿಸಿದವನಿಗೆ ಕೂಡಲೇ ಉತ್ತರ ಬರುತ್ತದೆ, ದಾಖಲೆಯೂ ತಾನಾಗಿ ಉಳಿಯುತ್ತದೆ. ಆಶಾ ಒಬ್ಬ ಬಸುರಿಯ ಹಿಮೋಗ್ಲೋಬಿನ್ 7 ಎಂದು ಒತ್ತಿದರೆ ಅವಳಿಗೆ ಏನು ಉತ್ತರ ಬರುತ್ತದೆ?

ಹಿರಿಯರು: ಸರಿ, ಕಾರ್ಯಕರ್ತೆಯನ್ನು ಬಿಡು. ರೋಗಿಯ ಕೈಯಲ್ಲೇ ಫೋನಿದೆಯಲ್ಲ? ಗುಳಿಗೆ ತಗೊಂಡೆಯಾ ಎಂದು ಅದೇ ನೆನಪಿಸಲಿ. ಕ್ಷಯಕ್ಕೆ ಆರು ತಿಂಗಳು, ಬಿ.ಪಿ., ಶುಗರಿಗೆ ಜೀವನವಿಡೀ. ಮರೆವೇ ಅಲ್ಲವೇ ದೊಡ್ಡ ಶತ್ರು?

ಕಿರಿಯರು: ಅದನ್ನೂ ಪರೀಕ್ಷಿಸಿದ್ದಾರೆ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯವರು ದಕ್ಷಿಣ ಭಾರತದ ಮೂರು ಕೇಂದ್ರಗಳಲ್ಲಿ, ಹೊಸದಾಗಿ ಎಚ್.ಐ.ವಿ. ಚಿಕಿತ್ಸೆ ಶುರುಮಾಡಿದ 631 ಜನರಲ್ಲಿ ಅರ್ಧದಷ್ಟು ಮಂದಿಗೆ ವಾರಕ್ಕೊಮ್ಮೆ ಫೋನ್ ಕರೆ ಮತ್ತು ಚಿತ್ರಸಂದೇಶ ಕಳಿಸಿದರು. ಕರೆ ಬಂದವರಿಗೂ ಬಾರದವರಿಗೂ ಚಿಕಿತ್ಸೆಯ ಫಲದಲ್ಲಿ ವ್ಯತ್ಯಾಸ ಆಗಲಿಲ್ಲ. 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಇದು ಬಂತು. ಗುಳಿಗೆ ತಪ್ಪುವುದಕ್ಕೆ ಮರೆವು ಒಂದೇ ಕಾರಣವಲ್ಲ ಸರ್. ಕಬ್ಬು ಕಡಿಯಲು ಬೇರೆ ಜಿಲ್ಲೆಗೆ ಹೋದವನಿಗೆ ಗುಳಿಗೆ ಮುಗಿದಿರುತ್ತದೆ, ಖಾಲಿ ಹೊಟ್ಟೆಗೆ ನುಂಗಿದರೆ ವಾಂತಿ ಬರುತ್ತದೆ, ಗಂಡನ ಮನೆಯವರ ಎದುರಿಗೆ ಡಬ್ಬಿ ತೆಗೆಯಲಾಗುವುದಿಲ್ಲ. ಇದಕ್ಕೆ ನೆನಪಿನ ಗಂಟೆ ಏನು ಮಾಡೀತು? ಫೋನು ರೋಗಿಯ ಕೈಯಲ್ಲಿದೆ ಎಂದಿರಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಹೆಂಗಸರಲ್ಲಿ ತಾವೇ ಬಳಸುವ ಫೋನು ಇದ್ದವರು ನೂರಕ್ಕೆ ಸುಮಾರು 54 ಮಂದಿ, ಇಂಟರ್‌ನೆಟ್ ಬಳಸಿದವರು 33. ಉಳಿದವರ ರಿಪೋರ್ಟು ಬರುವುದು ಗಂಡನ ಫೋನಿಗೆ, ಮಗನ ಫೋನಿಗೆ. ಎಚ್.ಐ.ವಿ. ಇದೆ ಎಂಬ ಸಂದೇಶ, ಬಸಿರಿನ ಪರೀಕ್ಷೆಯ ಫಲಿತಾಂಶ, ಮಾನಸಿಕ ಕಾಯಿಲೆಯ ಔಷಧಚೀಟಿ ಎಲ್ಲವನ್ನೂ ಅವಳಿಗಿಂತ ಮೊದಲು ಇನ್ನೊಬ್ಬರು ಓದುತ್ತಾರೆ. ಹಳ್ಳಿಯ ನರ್ಸಬಾಯಿಗೆ ಗುಟ್ಟು ಕಾಯುವುದು ಗೊತ್ತಿತ್ತು. ಮನೆಗೊಂದೇ ಇರುವ ಫೋನಿಗೆ ಅದು ಗೊತ್ತಿಲ್ಲ.

ಹಿರಿಯರು: ಇದಕ್ಕೆ ನನ್ನಲ್ಲಿ ಉತ್ತರವಿಲ್ಲ. ಆದರೂ ಕೊನೆಯ ಒಂದು ಆಕ್ಷೇಪ ಹೇಳಿಬಿಡುತ್ತೇನೆ. ನಿನ್ನ ವಾದ ಕೇಳಿದರೆ, ದವಾಖಾನೆ ಪೂರ್ತಿ ಸುಧಾರಿಸಿದ ಮೇಲೆ ಫೋನು ತನ್ನಿ ಎಂದಂತಾಗುತ್ತದೆ. ಅಷ್ಟು ದಿನ ಕಾಯಲು ನಮ್ಮ ಮಂದಿಗೆ ಆಯುಷ್ಯ ಎಲ್ಲಿದೆ? 108 ಆಂಬುಲೆನ್ಸ್ 2008ರ ನವೆಂಬರ್ 1ರಂದು ಬಂದಾಗಲೂ ಎಲ್ಲ ದವಾಖಾನೆ ಸರಿ ಇರಲಿಲ್ಲ. ಹಾಗೆಂದು ಬೇಡ ಅನ್ನಲಿಲ್ಲ. ಅರ್ಧ ಸೌಲಭ್ಯವೂ ಏನೂ ಇಲ್ಲದ್ದಕ್ಕಿಂತ ಮೇಲು.

ಕಿರಿಯರು: ಕಾಯಿರಿ ಎನ್ನುವುದಿಲ್ಲ. ಜೋಡಿಯಾಗಿ ತನ್ನಿ ಎನ್ನುತ್ತೇನೆ. 108ರ ಉದಾಹರಣೆ ನನ್ನ ಪರವಾಗಿಯೇ ಇದೆ: ಮೂರು ಅಂಕಿ ಒತ್ತಿದರೆ ಗಾಡಿ ಬರುತ್ತದೆ, ಬರೀ ಧ್ವನಿ ಬರುವುದಿಲ್ಲ. ಅದಕ್ಕೇ ಜನ ಅದನ್ನು ನಂಬಿದರು. 2022ರ ಸೆಪ್ಟೆಂಬರಿನಲ್ಲಿ ಅದರ ಕರೆ ಕೇಂದ್ರದ ಸರ್ವರ್ ಕೆಟ್ಟಾಗ ಗಾಡಿಗಳು ಇದ್ದಲ್ಲೇ ಇದ್ದವು, ಡ್ರೈವರರೂ ಇದ್ದರು, ಆದರೂ ರಾಜ್ಯದಾದ್ಯಂತ ಜನ ಪರದಾಡಿದರು. ಆದ್ದರಿಂದ ಒಂದೇ ತಂತಿಗೆ ಎಲ್ಲವನ್ನೂ ನೇತುಹಾಕಬಾರದು, ಸರ್ವರ್ ಸತ್ತರೆ ಯಾವ ನಂಬರಿಗೆ ಫೋನು ಹಚ್ಚಬೇಕು ಎಂಬುದು ಆಶಾಳ ಚೀಟಿಯಲ್ಲಿ ಬರೆದಿರಬೇಕು. ಅರ್ಧ ಸೌಲಭ್ಯದ ಮಾತೂ ಹೇಳಿದಿರಿ. ಯಾವ ಅರ್ಧ ಎಂಬುದು ಮುಖ್ಯ. ಆ್ಯಪ್ ಅಗ್ಗ, ಉದ್ಘಾಟನೆ ಸುಲಭ, ಫೋಟೋ ಚೆನ್ನಾಗಿ ಬರುತ್ತದೆ. ತಾಲೂಕು ದವಾಖಾನೆಗೆ ಅರಿವಳಿಕೆ ತಜ್ಞರನ್ನು ತಂದು ಉಳಿಸಿಕೊಳ್ಳುವುದು ದುಬಾರಿ, ಅದರ ಫೋಟೋ ಯಾರೂ ತೆಗೆಯುವುದಿಲ್ಲ. ಅಗ್ಗದ ಅರ್ಧವನ್ನು ಮೊದಲು ತಂದವರು ದುಬಾರಿ ಅರ್ಧವನ್ನು ಮರೆತುಬಿಡುವ ಅಪಾಯ ನಿಜವಾದದ್ದು. ಬೆಳಗಾವಿಯ ಫಲಿತಾಂಶ ಬಂದು ಇಷ್ಟು ವರ್ಷವಾದರೂ ಹೊಸ ಆ್ಯಪ್ ಬಂದಾಗ ಅದನ್ನು ಯಾರೂ ನೆನೆಯುವುದಿಲ್ಲ ಎಂಬುದೇ ನನಗೆ ಬೇಸರ.

ಹಿರಿಯರು: ಹಾಗಾದರೆ ಗೋಕಾಕ, ಮೂಡಲಗಿ, ಹುಕ್ಕೇರಿಯ ನಮ್ಮಂಥವರು ಮಾಡಬೇಕಾದದ್ದು ಏನು? ವಾದ ಗೆದ್ದು ಮನೆಗೆ ಹೋದರೆ ಬಸುರಿಗೆ ಏನು ಬಂತು?

ಕಿರಿಯರು: ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ತಾಲೂಕು ದವಾಖಾನೆಗೂ ಆರೋಗ್ಯ ರಕ್ಷಾ ಸಮಿತಿ ಎಂದು ಒಂದಿದೆ, ಅದರಲ್ಲಿ ಊರಿನವರಿಗೂ ಜಾಗವಿದೆ. ಮುಂದಿನ ಸಭೆಗೆ ಹೋಗಿ, ಎಷ್ಟು ಎಂಟ್ರಿ ಆಯಿತು ಎಂದು ಕೇಳಬೇಡಿ. ಆಶಾ ರಾತ್ರಿ ಹತ್ತಕ್ಕೆ ಬಿ.ಪಿ. 160 ದಾಟಿದ ಬಸುರಿಯ ಬಗ್ಗೆ ಫೋನು ಹಚ್ಚಿದರೆ ಎತ್ತುವವರು ಯಾರು, ಅವರ ಹೆಸರು ಗೋಡೆಯ ಮೇಲೆ ಬರೆದಿದೆಯೇ ಎಂದು ಕೇಳಿ. ಮೆಗ್ನೀಸಿಯಂ ಸಲ್ಫೇಟ್ ಮತ್ತು ಟೆನೆಕ್ಟೆಪ್ಲೇಸ್ ಇವತ್ತು ಕಪಾಟಿನಲ್ಲಿ ಇವೆಯೇ ಎಂದು ಕೇಳಿ. ಕಳೆದ ತಿಂಗಳು ಬೆಳಗಾವಿಗೆ ಕಳಿಸಿದವರು ತಲುಪಿದರೇ, ಎಷ್ಟು ಹೊತ್ತಿಗೆ ತಲುಪಿದರು ಎಂದು ಕೇಳಿ. ಉತ್ತರವನ್ನು ಸಭೆಯ ನಡಾವಳಿಯಲ್ಲಿ ಬರೆಸಿ, ಮೂರು ತಿಂಗಳಿಗೆ ಮತ್ತೆ ಹೋಗಿ ಅದೇ ಪ್ರಶ್ನೆ ಕೇಳಿ.